ಒಣಗಿದ ಮೇಲೂ ಉರಿಯುವ ಸರ್ಪಸುತ್ತು

ಡೊಂಬಿವಲಿ ಎಂಐಡಿಸಿಯ ಸುತ್ತಲಿನ ಕಟ್ಟಡಗಳಲ್ಲಿ ಒಂದೇ ಕಾಯಿಲೆಗೆ ಎರಡು ಹೆಸರು. ಮರಾಠಿ ಮನೆಯಲ್ಲಿ ಅದು ನಾಗೀಣ, ಪಕ್ಕದ ಕನ್ನಡ ಮನೆಯಲ್ಲಿ ಸರ್ಪಸುತ್ತು. ಎರಡರಲ್ಲೂ ಹಾವಿದೆ, ಎರಡೂ ಕಡೆ ಒಂದೇ ಭಯವಿದೆ: ಸೊಂಟ ಸುತ್ತಿ ಬರುವ ಗುಳ್ಳೆಸಾಲಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ. ಬೇರೆ ಭಾಷೆಗಳವರು ಕಂಡದ್ದೂ ಹೆಚ್ಚುಕಮ್ಮಿ ಇದನ್ನೇ. ಹರ್ಪಿಸ್ ಎಂಬ ಗ್ರೀಕ್ ಪದದ ಮೂಲ ತೆವಳುವುದು, ಜೋಸ್ಟರ್ ಅಂದರೆ ನಡುಪಟ್ಟಿ. ಇಂಗ್ಲಿಷಿನ ಶಿಂಗಲ್ಸ್ ಕೂಡ ಲ್ಯಾಟಿನ್ನಿನ ನಡುಪಟ್ಟಿಯಿಂದಲೇ ಬಂದದ್ದು.

ಈ ಹೆಸರುಗಳೆಲ್ಲ ಕಣ್ಣಿಗೆ ಕಂಡ ಗುಳ್ಳೆಯವು, ನೋವಿನವಲ್ಲ. ಮನೆಮದ್ದೂ ಹಾಗೆಯೇ. ಕೆಮ್ಮಣ್ಣಿನ ಲೇಪ, ಗರಿಕೆಯ ರಸ ಉರಿಯುವ ಚರ್ಮಕ್ಕೆ ತಂಪು ಕೊಡುತ್ತವೆ. ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿಯೇ ಒಣಗುತ್ತವೆ, ಕೀರ್ತಿ ಲೇಪಕ್ಕೆ ಹೋಗುತ್ತದೆ. ಆಮೇಲೆ ಮನೆಯ ಹಿರಿಯರು ‘ಬನಿಯನ್ ತಾಗಿದರೂ ಬೆಂಕಿ ಇಟ್ಟ ಹಾಗಾಗುತ್ತದೆ’ ಎಂದರೆ, ‘ಎಲ್ಲ ವಾಸಿಯಾಯಿತಲ್ಲ, ಇನ್ನೆಂಥ ನೋವು?’ ಎಂಬ ಉತ್ತರ ಸಿಗುತ್ತದೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ವೈದ್ಯಶಾಸ್ತ್ರಕ್ಕೆ ನೂರೈವತ್ತು ವರ್ಷ ಹಿಡಿಯಿತು.

ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1831ರಲ್ಲೇ, ಗುಳ್ಳೆಗಳು ನರಗಳ ದಾರಿಯನ್ನು ಹಿಡಿದು ಏಳುತ್ತವೆ ಎಂದು ಗುರುತಿಸಿದ್ದ. 1860ರ ದಶಕದಲ್ಲಿ ಜರ್ಮನಿಯ ಬೇರೆನ್‌ಸ್ಪ್ರುಂಗ್ ಶವಪರೀಕ್ಷೆಯಲ್ಲಿ ಬೆನ್ನುಹುರಿಯ ಪಕ್ಕದ ನರಗಂಟು ಹಾಳಾಗಿದ್ದನ್ನು ಕಂಡ. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು 21 ಶವಪರೀಕ್ಷೆಗಳನ್ನು ಆಧರಿಸಿ, ಯಾವ ನರಗಂಟು ಚರ್ಮದ ಯಾವ ಪಟ್ಟಿಯನ್ನು ಆಳುತ್ತದೆ ಎಂಬ ನಕ್ಷೆಯನ್ನೇ ಬರೆದರು. ತಲೆ ಬಾಲ ಕೂಡುವ ಭಯಕ್ಕೆ ಉತ್ತರ ಆ ನಕ್ಷೆಯಲ್ಲಿದೆ. ಒಂದು ನರಗಂಟು ದೇಹದ ಒಂದು ಬದಿಯದು. ಅದರ ಪಟ್ಟಿ ಬೆನ್ನಿನ ನಡುವಿನಿಂದ ಹೊರಟು ಹೊಟ್ಟೆಯ ನಡುವಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಹಾವು ಸಾಮಾನ್ಯವಾಗಿ ಅರ್ಧ ಸುತ್ತಿಗೇ ನಿಂತುಬಿಡುತ್ತದೆ.

ನರಗಂಟಿಗೆ ರೋಗ ಬಂದದ್ದು ಎಲ್ಲಿಂದ? 1892ರ ಸುಮಾರಿಗೆ ಬುಡಾಪೆಸ್ಟಿನ ಮಕ್ಕಳ ವೈದ್ಯ ಬೋಕೈ, ಸರ್ಪಸುತ್ತಾದವರಿರುವ ಮನೆಯಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಗಮನಿಸಿದ್ದ. 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಎರಡೂ ಕಾಯಿಲೆಗಳ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದು ಒಂದೇ ಎಂದು ತೋರಿಸಿದ. ಕೊನೆಯ ಕೊಂಡಿ ಕೂಡಿಸಿದವನು ಇಂಗ್ಲೆಂಡಿನ ಸಿರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯ ಹೋಪ್-ಸಿಂಪ್ಸನ್. ತನ್ನ ದವಾಖಾನೆಗೆ 16 ವರ್ಷದಲ್ಲಿ ಬಂದ 192 ಸರ್ಪಸುತ್ತುಗಳ ಲೆಕ್ಕ ಇಟ್ಟು 1965ರಲ್ಲಿ ಆತ ಹೇಳಿದ್ದಿಷ್ಟು: ಬಾಲ್ಯದ ಸೀತಾಳೆ ಸಿಡುಬಿನ ವೈರಸ್ ನರಗಂಟಿನಲ್ಲಿ ಅಡಗಿರುತ್ತದೆ, ವಯಸ್ಸಾಗಿ ದೇಹದ ಕಾವಲು ಸಡಿಲಾದಾಗ ಎದ್ದು ಬರುತ್ತದೆ. 85ರವರೆಗೆ ಬದುಕಿದವರಲ್ಲಿ ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಇದು ಬರಬಹುದು ಎಂಬುದು ಅವನ ಅಂದಾಜು. ಸರ್ಪಶಾಪ, ನಾಗದೋಷಗಳ ಪಾಲಿಗೆ ಬಂದಿದ್ದ ಕಾಯಿಲೆ ಹೀಗೆ ವಯಸ್ಸಿನ ಪಾಲಿಗೆ ಬಂತು.

ಮದ್ದಿನ ಕಥೆಯಲ್ಲಿ ಒಂದು ಎಳೆ ಡೊಂಬಿವಲಿಯಂಥ ಊರಿಗೂ ಸೇರಿದ್ದು. 1960ರ ದಶಕದಿಂದ ಬೆಳೆದ ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಬಣ್ಣದ ರಾಸಾಯನಿಕದ ಕಾರ್ಖಾನೆ, ಔಷಧದ ಕಾರ್ಖಾನೆ ಅಕ್ಕಪಕ್ಕ ನಿಂತಿವೆ. ಆ ನೆರೆಹೊರೆ ಹಳೆಯದು. ಯುರೋಪಿನಲ್ಲಿ ಬಣ್ಣಕ್ಕಾಗಿ ಬಳಕೆಗೆ ಬಂದಿದ್ದ ಒಂದು ಅಣುವಿನ ಅಚ್ಚಿನಿಂದಲೇ ಖಿನ್ನತೆಯ ಮೊದಲ ಮಾತ್ರೆಗಳಲ್ಲೊಂದಾದ ಇಮಿಪ್ರಮಿನ್ ಹುಟ್ಟಿತು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ 1957ರಲ್ಲಿ ಅದರ ಗುಣ ವರದಿ ಮಾಡಿದ. ಅದರ ಸೋದರಸಂಬಂಧಿ ಅಮಿಟ್ರಿಪ್ಟಿಲಿನ್ 1961ರಲ್ಲಿ ಬಂತು. 1982ರಲ್ಲಿ ಕೆನಡಾದ ಪೀಟರ್ ವಾಟ್ಸನ್, ಸರ್ಪಸುತ್ತು ಒಣಗಿದ ಮೇಲೂ ನೋವು ಉಳಿದ 24 ಜನರಿಗೆ ಅದನ್ನು ಕೊಟ್ಟು ನೋಡಿದಾಗ 16 ಮಂದಿಗೆ ಚೆನ್ನಾಗಿ ಗುಣ ಕಂಡಿತು. ನೋವು ಹಾನಿಯಾದ ನರದ್ದು, ನರದ ಸಂದೇಶವನ್ನು ತಗ್ಗಿಸುವ ಮದ್ದೇ ಅದಕ್ಕೆ ಬೇಕು ಎಂಬುದಕ್ಕೆ ಬಲವಾದ ಸಾಕ್ಷಿ ಇದು. 1990ರ ದಶಕದ ಕೊನೆಗೆ ಗಬಾಪೆಂಟಿನ್, ಆಮೇಲೆ ಪ್ರೆಗಾಬಲಿನ್, ಮರಗಟ್ಟಿಸುವ ಲಿಡೊಕೇನ್ ಪಟ್ಟಿ ಜೊತೆ ಸೇರಿದವು.

ಹಾಗಾಗಿ ಮನೆಯಲ್ಲಿ ‘ನನಗೆ ಖಿನ್ನತೆಯ ಮಾತ್ರೆ ಯಾಕೆ ಬರೆದರು?’ ಎಂದು ಯಾರಾದರೂ ಚೀಟಿ ಹಿಡಿದು ನೊಂದುಕೊಂಡರೆ, ಮನಸ್ಸಿಗೆ ಏನೋ ಆಗಿದೆ ಎಂದು ಡಾಕ್ಟರು ತಿಳಿದಿದ್ದಾರೆ ಅಂದುಕೊಳ್ಳಬೇಕಿಲ್ಲ. ರಾತ್ರಿ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನಿಧಾನ ಏರಿಸುತ್ತಾರೆ. ಬಾಯಿ ಒಣಗುವುದು, ಮಂಪರು, ಮೂತ್ರ ಕಟ್ಟುವುದು ಉಂಟು. ವಯಸ್ಸಾದವರು, ಹೃದ್ರೋಗ ಇರುವವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಮದ್ದು ವೈರಸ್ಸಿನ ಮೇಲೆಯೇ ಹೋಗುವ ಅಸೈಕ್ಲೊವಿರ್. 1970ರ ದಶಕದಲ್ಲಿ ಅದನ್ನು ರೂಪಿಸಿದ ತಂಡದ ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಅದರ ಲಾಭ ಹೆಚ್ಚು. ಲೇಪ ಹಚ್ಚಿಕೊಂಡು ಕಾಯುವ ದಿನಗಳೂ ಇವೇ. ಕೆಮ್ಮಣ್ಣಿನಿಂದ ಆಗುವ ದೊಡ್ಡ ನಷ್ಟ ಈ ಮೂರು ದಿನ.

ಕಾರ್ಖಾನೆಗೆ ಹೋಗುವವರಲ್ಲಿ ಇನ್ನೊಂದು ಗೊಂದಲ ಆಗಬಹುದು: ಉರಿ ಕಂಡರೆ ಏನೋ ಕೆಮಿಕಲ್ ತಾಗಿತು ಎಂದು. ಗುಳ್ಳೆ ಒಂದೇ ಬದಿಗೆ, ಪಟ್ಟಿಯಾಗಿ ಎದ್ದಿದೆಯೇ, ಏಳುವ ಮೊದಲೇ ಅಲ್ಲಿ ಚುಚ್ಚುವ ನೋವಿತ್ತೇ ನೋಡಿ. ಇದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಹಣೆ, ಮೂಗಿನ ತುದಿಗೆ ಬಂದಿದ್ದರೆ ಕಣ್ಣಿನ ಡಾಕ್ಟರಿಗೂ ತೋರಿಸಬೇಕು.

2023ರಿಂದ ಐವತ್ತು ದಾಟಿದವರಿಗೆ ಎರಡು ಡೋಸಿನ ಲಸಿಕೆ ಭಾರತದಲ್ಲೂ ಸಿಗುತ್ತಿದೆ. ದೊಡ್ಡ ಪರೀಕ್ಷೆಗಳಲ್ಲಿ ಅದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸರ್ಪಸುತ್ತನ್ನು ತಡೆದಿದೆ. ಆದರೆ ಡೋಸಿಗೆ ಸಾವಿರಗಟ್ಟಲೆ ರೂಪಾಯಿ, ಪಿಂಚಣಿಯ ಮನೆಗೆ ಅದು ಸಣ್ಣ ಮಾತಲ್ಲ. ಲಸಿಕೆ ಕೈಗೆಟುಕದ ಮನೆಯಲ್ಲೂ ಎರಡು ಕೆಲಸ ಸಾಧ್ಯ: ಮೊದಲ ಮೂರು ದಿನ ಕಳೆದುಕೊಳ್ಳದಿರುವುದು, ಮತ್ತು ಚರ್ಮ ಒಣಗಿದ ಮೇಲೂ ನೋಯುತ್ತದೆ ಎಂದವರನ್ನು ನಂಬುವುದು.