ಕೆರೆಯ ನೀರು, ಗೇರ್‌ಬಾಕ್ಸಿನ ಕಾವು

ಸುರಪುರ ತಾಲ್ಲೂಕಿನ ಬೋನಾಳ ಎಂದೊಡನೆ ನೆನಪಾಗುವುದು ಪಕ್ಷಿಧಾಮ. ಸುರಪುರದ ನಾಯಕ ಅರಸರ ಕಾಲದ ಅಲ್ಲಿನ ಕೆರೆಯನ್ನು 19ನೆಯ ಶತಮಾನದಲ್ಲಿ ಹಿಗ್ಗಿಸಿ ಸುಧಾರಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಈ ಅಧಿಕಾರಿ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅವನು ಇಲ್ಲಿ ನೀರಿನ ಲೆಕ್ಕ ಹಾಕುತ್ತಿದ್ದ ವರ್ಷಗಳಲ್ಲೇ, ಅವನ ಹುಟ್ಟೂರಿಗೆ ಸಮೀಪದ ಮ್ಯಾಂಚೆಸ್ಟರ್‌ನಲ್ಲಿ ಜೇಮ್ಸ್ ಜೌಲ್ ಎಂಬಾತ ಇನ್ನೊಂದು ಬಗೆಯ ನೀರಿನ ಲೆಕ್ಕದಲ್ಲಿ ತೊಡಗಿದ್ದ. ನೀರು ತುಂಬಿದ ಪಾತ್ರೆಯೊಳಗೆ ರೆಕ್ಕೆಗಳಿದ್ದ ಕಡೆಗೋಲೊಂದನ್ನು ಇಳಿಬಿಟ್ಟ ತೂಕದ ಬಲದಿಂದ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ಅವನು ಅಳೆದ. ವ್ಯಯವಾದ ಕೆಲಸ ಎಲ್ಲಿಯೂ ಕಳೆದುಹೋಗುವುದಿಲ್ಲ, ಅದು ಶಾಖವಾಗಿ ಉಳಿಯುತ್ತದೆ ಎಂಬುದು 1845ರ ಆ ಪ್ರಯೋಗ ತೋರಿಸಿದ ಸತ್ಯ.

ಈ ಎರಡು ಲೆಕ್ಕಗಳು ಇಂದು ಒಂದೇ ಕಡೆ ಕೂಡುತ್ತವೆ. ಸುರಪುರ, ಶಹಾಪುರ ಸೀಮೆಯ ಹೊಲ, ಕೆರೆ, ಕಾಲುವೆಗಳ ಬದಿಯಲ್ಲಿ ಮಣ್ಣೆತ್ತುವ ಹಳದಿ ಯಂತ್ರವನ್ನು ಕಾಣದವರಿಲ್ಲ. ಯಾವ ಕಂಪನಿಯದಾದರೂ ಜನ ಅದನ್ನು ಕರೆಯುವುದು ‘ಜೆಸಿಬಿ’ ಎಂದೇ. ಆ ಹೆಸರಿನ ಬ್ರಿಟಿಷ್ ಕಂಪನಿ ಭಾರತದಲ್ಲಿ ತಯಾರಿಕೆಗೆ ತೊಡಗಿದ್ದು 1979ರಲ್ಲಿ. ಡೀಸೆಲ್ ಎಂಜಿನ್‌ನ ಈ ಯಂತ್ರ ಬಕೆಟ್ಟನ್ನು ಮಣ್ಣಿನ ಗುಡ್ಡೆಗೆ ನುಗ್ಗಿಸಿದಾಗ ಚಕ್ರಗಳು ನಿಂತುಬಿಡುತ್ತವೆ. ಆದರೂ ಎಂಜಿನ್ ಬಂದ್ ಆಗುವುದಿಲ್ಲ, ಗುಡುಗುತ್ತಲೇ ಇರುತ್ತದೆ. ಸಾಮಾನ್ಯ ಲಾರಿಯಲ್ಲಿ ಕ್ಲಚ್ ಒತ್ತದೆ ಹೀಗೆ ಮಾಡಿದರೆ ಎಂಜಿನ್ ಒಂದೇ ಏಟಿಗೆ ನಿಲ್ಲುತ್ತದೆ. ಇಲ್ಲಿ ನಿಲ್ಲದಿರುವುದು ಹೇಗೆ? ಎಂಜಿನ್ ಹೊಮ್ಮಿಸಿದ ಶಕ್ತಿ ಎಲ್ಲಿ ಹೋಗುತ್ತದೆ? ಈ ಪ್ರಶ್ನೆಗಳ ಉತ್ತರದಲ್ಲಿ ಸ್ವಯಂಚಾಲಿತ ಗೇರ್‌ಬಾಕ್ಸಿನ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದರ ದೊಡ್ಡ ಶತ್ರುವಾದ ಕಾವಿನ ಕಥೆಯೂ ಇದೆ.

ಹಡಗಿನಿಂದ ನೆಲಕ್ಕೆ

ಎದುರುಬದುರಾಗಿ ಎರಡು ಟೇಬಲ್ ಫ್ಯಾನ್‌ಗಳನ್ನಿಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ತುಂಬಿ, ಎರಡನ್ನೂ ಒಂದೇ ಕರಡಿಗೆಯೊಳಗೆ ಮುಚ್ಚಿದರೆ ಅದೇ ದ್ರವ ಜೋಡಣೆ. ಎರಡು ರೆಕ್ಕೆಚಕ್ರಗಳ ನಡುವೆ ಎಣ್ಣೆಯ ದಿಕ್ಕು ತಿರುಗಿಸುವ ಮೂರನೆಯ ಚಕ್ರವೊಂದನ್ನು ಸೇರಿಸಿದರೆ ತಿರುಗುಬಲ ಇಮ್ಮಡಿಯಾಗಿಯೂ ಹೊರಬರಬಲ್ಲದು. ಇದಕ್ಕೆ ‘ಟಾರ್ಕ್ ಕನ್ವರ್ಟರ್’ ಎಂದು ಹೆಸರು. ಲೋಹಕ್ಕೆ ಲೋಹ ಕಚ್ಚದ ಕಾರಣ ಚಕ್ರ ನಿಂತರೂ ಎಂಜಿನ್ ತಿರುಗುತ್ತಲೇ ಇರುತ್ತದೆ.

ಇದನ್ನು ಕಂಡುಹಿಡಿದವನು ಹರ್ಮನ್ ಫ್ಯೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್. ಸ್ಟೆಟಿನ್ ನಗರದ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಆತ 1905ರಲ್ಲಿ ಪೇಟೆಂಟ್ ಪಡೆದ. ಅವನ ಗಮನ ಇದ್ದುದು ಮೋಟಾರು ಗಾಡಿಯ ಮೇಲಲ್ಲ, ಹಡಗಿನ ಮೇಲೆ. ಉಗಿ ಟರ್ಬೈನ್ ಬಲು ವೇಗವಾಗಿ ತಿರುಗುತ್ತದೆ, ಹಡಗಿನ ಪ್ರೊಪೆಲರ್ ನಿಧಾನವಾಗಿ ತಿರುಗಬೇಕು. ಇವೆರಡನ್ನೂ ಹೊಂದಿಸಬೇಕಿತ್ತು. ಅಲ್ಲಿ ಕಾವಿನ ಚಿಂತೆ ಅಷ್ಟಾಗಿ ಇರಲಿಲ್ಲ, ಏಕೆಂದರೆ ಹಡಗಿನ ಸುತ್ತ ಸಮುದ್ರವೇ ಇತ್ತು.

ಅದೇ ಯಂತ್ರ ನೆಲಕ್ಕೆ ಬಂದಾಗ ತೊಡಕು ಶುರುವಾಯಿತು. 1930ರ ದಶಕದಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಕಂಪನಿ ಸ್ವೀಡನ್ನಿನ ಲಿಶೋಲ್ಮ್ ಎಂಬಾತನ ಟಾರ್ಕ್ ಕನ್ವರ್ಟರ್ ಅಳವಡಿಸಿ ‘ಗೇರಿಲ್ಲದ ಬಸ್ಸು’ಗಳನ್ನು ಮಾರುಕಟ್ಟೆಗೆ ತಂದಿತು. ಚಾಲಕರಿಗೆ ಸುಖವೆನಿಸಿದರೂ ಅವು ಬಹುಕಾಲ ಬಾಳಲಿಲ್ಲ. ಜಾರುವ ದ್ರವದಲ್ಲಿ ಶಕ್ತಿ ಪೋಲಾಗುತ್ತಿತ್ತು, ಹಾಗೆ ಪೋಲಾದ ಶಕ್ತಿಗೆ ಕಾವಾಗದೆ ಬೇರೆ ದಾರಿಯೂ ಇರಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗಾಗಿ ‘ಹೈಡ್ರಾಮ್ಯಾಟಿಕ್’ ಹೊರತಂದಿತು. ಎರಡನೆಯ ಮಹಾಯುದ್ಧದಲ್ಲಿ ಇದು ಹಗುರ ಟ್ಯಾಂಕ್‌ಗಳಿಗೂ ಏರಿತು. 1949ರಲ್ಲಿ ಪ್ಯಾಕಾರ್ಡ್ ಕಂಪನಿ ಒಂದು ಜಾಣತನದ ಉಪಾಯ ಮಾಡಿತು. ಗಾಡಿ ವೇಗ ಹಿಡಿದ ಮೇಲೆ ದ್ರವದ ಜಾರಾಟ ಬೇಕಿಲ್ಲವಾದ್ದರಿಂದ, ಒಳಗೊಂದು ಕ್ಲಚ್ ಎರಡು ಚಕ್ರಗಳನ್ನೂ ಬಿಗಿದುಬಿಡುತ್ತಿತ್ತು. ‘ಲಾಕಪ್’ ಎನ್ನಲಾಗುವ ಈ ಏರ್ಪಾಡು ಇಂದು ಸ್ವಯಂಚಾಲಿತ ಗಾಡಿಗಳಲ್ಲಿ ಸಾಮಾನ್ಯ. ಕಾವನ್ನು ಆರಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು ಎಂಬುದು ಅದರ ಹಿಂದಿನ ತತ್ವ.

ಎಡಗಾಲಿನ ದುಡಿಮೆ

ಬೋನಾಳ ಇರುವ ಸೀಮೆಗೆ ಸರ್ಕಾರಿ ಬಸ್ಸಿನ ಇತಿಹಾಸ ಹಳೆಯದು. ಈ ಭಾಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆಯ ಅಡಿಯಲ್ಲಿ 1932ರ ಜೂನ್ ತಿಂಗಳಿನಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭವಾಯಿತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿದ್ದು 1948ರಲ್ಲಿ. ಮುಂದೆ ರಾಜ್ಯಗಳ ಪುನರ್ವಿಂಗಡಣೆ, ಕೆಎಸ್‌ಆರ್‌ಟಿಸಿ, 2000ದಲ್ಲಿ ಕಲಬುರಗಿ ಕೇಂದ್ರವಾದ ಈಶಾನ್ಯ ಸಾರಿಗೆ, ಈಗ ಕಲ್ಯಾಣ ಕರ್ನಾಟಕ ಸಾರಿಗೆ. ಹೀಗೆ ಹೆಸರುಗಳು ಬದಲಾದವು. ಬದಲಾಗದೆ ಉಳಿದದ್ದು ಚಾಲಕನ ಎಡಗಾಲಿನ ದುಡಿಮೆ.

ಒಂದು ಸುತ್ತಿನಲ್ಲಿ 30 ನಿಲುಗಡೆ, ಪ್ರತಿ ನಿಲುಗಡೆಗೆ ನಾಲ್ಕು ಸಲ ಗೇರ್ ಬದಲಾವಣೆ, ದಿನಕ್ಕೆ ಎಂಟು ಸುತ್ತು ಎಂದಿಟ್ಟುಕೊಂಡರೂ ಕ್ಲಚ್ ಒತ್ತುವ ಲೆಕ್ಕ 960 ಆಗುತ್ತದೆ. ಹಳೆಯ ಗೇರ್‌ಬಾಕ್ಸುಗಳಲ್ಲಿ ಹಲ್ಲು ಕಚ್ಚದಂತೆ ‘ಡಬಲ್ ಕ್ಲಚ್’ ಹಾಕಬೇಕಿದ್ದುದರಿಂದ ಅದರ ಇಮ್ಮಡಿ. ಬಾನೆಟ್ ಬದಿಯ ಬಿಸಿಯಲ್ಲಿ ಕುಳಿತು ಮೊಣಕಾಲು ಸವೆಸಿದ ಚಾಲಕರ ಒಂದು ಪೀಳಿಗೆಯೇ ರಾಜ್ಯದಲ್ಲಿದೆ. ಸ್ವಯಂಚಾಲಿತ ಗೇರ್ ಸಿರಿವಂತರ ಸೋಮಾರಿತನ ಎಂಬ ಮಾತು ಕೇಳಿಬರುವುದುಂಟು. ಬಸ್ಸಿನ ಮಟ್ಟಿಗೆ ಅದು ದುಡಿಯುವ ದೇಹದ ಪ್ರಶ್ನೆ ಎಂಬುದನ್ನು ಮರೆಯಬಾರದು.

ಕರ್ನಾಟಕದ ನಗರ ಸಾರಿಗೆಯಲ್ಲಿ ಈ ಬದಲಾವಣೆ ಜನರ ಕಣ್ಣಿಗೆ ಬಿದ್ದದ್ದು 2006ರ ಸುಮಾರಿಗೆ, ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಕೆಂಪು ವೋಲ್ವೊ ಬಸ್ಸುಗಳೊಂದಿಗೆ. ತಗ್ಗು ನೆಲದ, ಹಿಂಬದಿ ಡೀಸೆಲ್ ಎಂಜಿನ್‌ನ ಈ ಹವಾನಿಯಂತ್ರಿತ ಬಸ್ಸುಗಳಲ್ಲಿ ಕ್ಲಚ್ ಪೆಡಲ್ಲೇ ಇರಲಿಲ್ಲ. ಗಣಿ ಮತ್ತು ಅಣೆಕಟ್ಟುಗಳ ಯಂತ್ರಲೋಕದಲ್ಲಂತೂ ಇದು ಹಳೆಯ ಮಾತು. 1964ರಲ್ಲಿ ಸ್ಥಾಪನೆಯಾದ ಬೆಮೆಲ್ (ಬಿಇಎಂಎಲ್) ಬುಲ್ಡೋಜರ್, ಡಂಪರ್‌ಗಳನ್ನು ತಯಾರಿಸುತ್ತ ಬಂದಿದ್ದು, ಅವುಗಳ ಟ್ರಾನ್ಸ್‌ಮಿಷನ್‌ಗಾಗಿ ಕೆಜಿಎಫ್‌ನಲ್ಲಿ ಪ್ರತ್ಯೇಕ ವಿಭಾಗವನ್ನೇ ನಡೆಸಿದೆ. ಖಾಸಗಿ ಗಾಡಿಗಳ ಪೈಕಿ ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾ 2016ರಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್ ಮತ್ತು ಆರು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯೊಂದಿಗೆ ಬಂತು. 2023ರಲ್ಲಿ ಅದೇ ಹೆಸರಿನ ಡೀಸೆಲ್ ಗಾಡಿ ಮರಳಿ ಬಂದಾಗ ಕೈಗೇರು ಮಾತ್ರ ಉಳಿದಿತ್ತು. ಈ ಇತಿಹಾಸ ನೇರ ದಾರಿಯಲ್ಲಿ ನಡೆದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಕಾವಿನ ಲೆಕ್ಕ

ಡೀಸೆಲ್ ಎಂಜಿನ್ನಿನ ಗುಣವೆಂದರೆ ಕಡಿಮೆ ಸುತ್ತಿನಲ್ಲೇ ಭಾರಿ ತಿರುಗುಬಲ. ಭಾರ ಎಳೆಯಲು ಇದು ಒಳ್ಳೆಯದೇ. ಆದರೆ ಆ ಬಲವನ್ನೆಲ್ಲ ಮೊದಲು ಹೊರಬೇಕಾದದ್ದು ಕನ್ವರ್ಟರಿನ ಎಣ್ಣೆ ಮತ್ತು ಗೇರ್‌ಬಾಕ್ಸಿನೊಳಗಿನ ತೆಳು ಕ್ಲಚ್ ಬಿಲ್ಲೆಗಳು. ಒಂದು ಉದಾಹರಣೆ ನೋಡಬಹುದು. ಎಂಜಿನ್ 100 ಕಿಲೋವ್ಯಾಟ್ ಶಕ್ತಿ ಕೊಡುತ್ತಿದ್ದು, ಏರು ಹತ್ತುವಾಗ ಅದರ ಐದರಲ್ಲೊಂದು ಪಾಲು ಕನ್ವರ್ಟರಿನಲ್ಲಿ ಜಾರಿ ಪೋಲಾಗುತ್ತಿದೆ ಎನ್ನೋಣ. ಅಂದರೆ 20 ಕಿಲೋವ್ಯಾಟ್ ಕಾವು, ಮನೆಯ ಹತ್ತು ಗೀಸರ್‌ಗಳಷ್ಟು. ಪೆಟ್ಟಿಗೆಯಲ್ಲಿ 20 ಲೀಟರ್ ಎಣ್ಣೆ ಇದ್ದು ಅದನ್ನು ತಣಿಸುವ ಏರ್ಪಾಡೇ ಇಲ್ಲದಿದ್ದರೆ, ಒಂದು ನಿಮಿಷ ತುಂಬುವುದರೊಳಗೆ ಅದರ ಉಷ್ಣತೆ 30 ಡಿಗ್ರಿ ಏರುತ್ತದೆ. ಬಕೆಟ್ ಗುಡ್ಡೆಗೆ ಸಿಕ್ಕಿ ಚಕ್ರ ಪೂರ್ತಿ ನಿಂತಿದ್ದರೆ ಎಂಜಿನ್ನಿನ ಶಕ್ತಿಯಷ್ಟೂ ಎಣ್ಣೆಗೇ. ಆಗ ಅಷ್ಟೇ ಏರಿಕೆಗೆ ಹತ್ತು ಸೆಕೆಂಡು ಸಾಕು. ಜೌಲ್‌ನ ಕಡೆಗೋಲು ಇಲ್ಲಿ ಡೀಸೆಲ್ ಬಲದಿಂದ ತಿರುಗುತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಸಾಮಾನ್ಯವಾಗಿ 80ರಿಂದ 95 ಡಿಗ್ರಿಯ ಒಳಗೆ ಈ ಎಣ್ಣೆ ನೆಮ್ಮದಿಯಾಗಿರುತ್ತದೆ. 120 ಡಿಗ್ರಿ ದಾಟಿ ಬಹುಹೊತ್ತು ದುಡಿದರೆ ಅದು ಕಪ್ಪಾಗಿ ಕಮಟು ವಾಸನೆ ಬೀರುತ್ತದೆ, ಒಳಗಿನ ಕವಾಟಗಳಿಗೆ ಜಿಗುಟು ಅಂಟುತ್ತದೆ, ರಬ್ಬರ್ ಸೀಲುಗಳು ಗಡುಸಾಗುತ್ತವೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಯಂತ್ರಶಾಸ್ತ್ರದಲ್ಲಿ ರೂಢಿಯ ಅಂದಾಜು. ಎಣ್ಣೆ ಕೆಟ್ಟರೆ ಒತ್ತಡ ಕುಸಿಯುತ್ತದೆ, ಒತ್ತಡ ಕುಸಿದರೆ ಕ್ಲಚ್ ಬಿಲ್ಲೆಗಳು ಜಾರುತ್ತವೆ, ಜಾರಿದರೆ ಮತ್ತಷ್ಟು ಕಾವು. ಈ ವಿಷವರ್ತುಲದ ಕೊನೆ ಗ್ಯಾರೇಜಿನಲ್ಲಿ.

ಇಲ್ಲಿ ಯಾದಗಿರಿಯ ಬಿಸಿಲು ತನ್ನ ಪಾಲು ಸೇರಿಸುತ್ತದೆ. ಕಾವು ಹೊರಗೆ ಹರಿಯುವ ರಭಸ ಎಣ್ಣೆಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಎಣ್ಣೆ 95 ಡಿಗ್ರಿ ಇದ್ದು ಹೊರಗಿನ ಗಾಳಿ 20 ಡಿಗ್ರಿ ಇರುವ ಜರ್ಮನಿಯ ಊರಿನಲ್ಲಿ ಅಂತರ 75 ಡಿಗ್ರಿ. ಮೇ ತಿಂಗಳ ಸುರಪುರದಲ್ಲಿ ಗಾಳಿಯೇ 42 ಡಿಗ್ರಿ ಆದಾಗ ಅಂತರ 53ಕ್ಕೆ ಇಳಿಯುತ್ತದೆ. ಅದೇ ಕೂಲರ್ ಇಲ್ಲಿ ಹೊರಹಾಕುವ ಕಾವು ಸುಮಾರು ಶೇ. 30ರಷ್ಟು ಕಡಿಮೆ! ತಂಪು ದೇಶದ ಅಳತೆಯ ಯಂತ್ರ ಬಿಸಿಲು ನಾಡಿನಲ್ಲಿ ಏದುಸಿರು ಬಿಡುವುದು ಇದರಿಂದಲೇ.

ತಂಪಿನ ದಾರಿಗಳು

ಎಣ್ಣೆಯನ್ನು ತಣಿಸಲು ಎರಡು ದಾರಿಗಳಿವೆ. ಮೊದಲನೆಯದು ರೇಡಿಯೇಟರಿನ ನೀರಿನೊಳಗೆ ಎಣ್ಣೆಯ ಕೊಳವೆಯನ್ನು ಹಾಯಿಸುವುದು. ಮುಂಜಾನೆ ತಣ್ಣಗಿರುವ ಎಣ್ಣೆಯನ್ನು ಬೇಗ ಹದಕ್ಕೆ ತರುವುದೂ ಇದರ ಗುಣ. ಆದರೆ ಎಂಜಿನ್ನಿನ ನೀರೇ 90 ಡಿಗ್ರಿ ಇದ್ದಾಗ ಎಣ್ಣೆ ಅದಕ್ಕಿಂತ ಕೆಳಗಿಳಿಯಲಾರದು. ಒಳಗಿನ ಗೋಡೆ ತೂತಾದರೆ ನೀರು ಎಣ್ಣೆಗೆ ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಗೇರ್‌ಬಾಕ್ಸಿನ ಕಥೆ ಮುಗಿದಂತೆಯೇ. ಎರಡನೆಯ ದಾರಿ, ಎಣ್ಣೆಗೆಂದೇ ಪ್ರತ್ಯೇಕವಾಗಿ ಗಾಳಿಗೆ ಒಡ್ಡಿದ ಕೂಲರ್. ಭಾರ ಹೊರುವ ಗಾಡಿಗಳಲ್ಲಿ ಒಂದರ ನಂತರ ಒಂದರಂತೆ ಎರಡನ್ನೂ ಜೋಡಿಸುವುದುಂಟು. ಎಣ್ಣೆ ತೀರ ತಣ್ಣಗಾಗದಂತೆ ನಡುವೆ ಥರ್ಮೋಸ್ಟಾಟ್ ಕವಾಟ ಇರುತ್ತದೆ.

ಹೆಚ್ಚು ಎಣ್ಣೆ ಹಿಡಿಯುವ ಆಳದ ತೊಟ್ಟಿ, ಗಟ್ಟಿಮುಟ್ಟಾದ ಕ್ಲಚ್ ಬಿಲ್ಲೆಗಳು, ಡೀಸೆಲ್ಲಿನ ಕಡಿಮೆ ಸುತ್ತಿಗೆ ಹೊಂದುವ ಕನ್ವರ್ಟರ್ – ಹೀಗೆ ಪೆಟ್ಟಿಗೆಯನ್ನು ಬಲಪಡಿಸುವ ಬಗೆಗಳು ಹಲವು. ಆದರೆ ಇವುಗಳಲ್ಲಿ ಒಂದು ಕ್ರಮವಿದೆ. ಮೊದಲು ತಂಪು, ಆಮೇಲೆ ಬಲ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ಕೂಲರನ್ನು ಮರೆತರೆ ಹೊಸ ಬಿಲ್ಲೆಗಳೂ ಸುಟ್ಟುಹೋಗುತ್ತವೆ. ಘಟ್ಟದ ದಾರಿಗಳಲ್ಲಿ ಇನ್ನೊಂದು ಮಾತೂ ಸೇರುತ್ತದೆ. ದೊಡ್ಡ ಬಸ್ಸುಗಳ ಗೇರ್‌ಬಾಕ್ಸಿನಲ್ಲಿ ಎಣ್ಣೆಯ ತಡೆಯಿಂದಲೇ ವೇಗ ತಗ್ಗಿಸುವ ‘ರಿಟಾರ್ಡರ್’ ಇದ್ದರೆ, ಇಳಿಜಾರಿನಲ್ಲಿ ಬ್ರೇಕ್ ಲೈನಿಂಗ್ ನುಂಗಬೇಕಾದ ಕಾವನ್ನೂ ಎಣ್ಣೆಯೇ ನುಂಗುತ್ತದೆ. ಏರುವಾಗಲೂ ಬಿಸಿ, ಇಳಿಯುವಾಗಲೂ ಬಿಸಿ.

ಕೂಲರ್ ಎಷ್ಟೇ ದೊಡ್ಡದಿರಲಿ, ಅದರ ಜಾಲರಿ ತೆರೆದಿರಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರಗಳಲ್ಲಿ ಭತ್ತದ ಬೆಳೆ ಹಬ್ಬಿತು, ಅದರ ಹಿಂದೆಯೇ ಕಟಾವು ಯಂತ್ರಗಳೂ ಬಂದವು. ಸುಗ್ಗಿಯಲ್ಲಿ ಹೊಟ್ಟು, ಹುಲ್ಲಿನ ಚೂರು, ಕರಿಮಣ್ಣಿನ ಧೂಳು ರೇಡಿಯೇಟರಿಗೆ ಮೆತ್ತಿ ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಆಯುಷ್ಯ ದಿನಕ್ಕೆರಡು ಬಾರಿ ಗಾಳಿ ಊದಿ ಜಾಲರಿ ಶುಚಿಮಾಡುವ ಹುಡುಗನ ಕೈಯಲ್ಲಿರುತ್ತದೆ. ಸಾಲ ಮಾಡಿ ಯಂತ್ರ ಕೊಂಡ ರೈತನಿಗೆ ಸುಗ್ಗಿಯ ನಾಲ್ಕು ದಿನ ಅದು ನಿಂತರೆ ಆಗುವ ನಷ್ಟ ರಿಪೇರಿಯ ಬಿಲ್ಲಿಗಿಂತ ದೊಡ್ಡದು.

ಮುಂದೇನು?

ಈಗ ವಿದ್ಯುತ್ ಬಸ್ಸುಗಳ ಕಾಲ ಬರುತ್ತಿದೆ. ಬೆಂಗಳೂರಿನಲ್ಲಿ ಓಡುತ್ತಿರುವ ಅಂಥ ಬಸ್ಸುಗಳ ಚಾಲಕನಿಗೆ ಕ್ಲಚ್ಚೂ ಇಲ್ಲ, ಗೇರಿನ ಗೊಡವೆಯೂ ಇಲ್ಲ. ಹಾಗೆಂದು ಕಾವು ತೊಲಗಿತೇ? ಇಲ್ಲ. ಅದು ಎಣ್ಣೆಯಿಂದ ಬ್ಯಾಟರಿಗೆ ಸ್ಥಳ ಬದಲಿಸಿದೆ. ಬ್ಯಾಟರಿಯನ್ನು ತಂಪಾಗಿಡುವ ಏರ್ಪಾಡು ಅಲ್ಲಿಯೂ ಬೇಕೇ ಬೇಕು. ಕಲ್ಯಾಣ ಕರ್ನಾಟಕದ ಬಿಸಿಲಿಗೆ ಅವು ಬಂದಾಗ ಹಳೆಯ ಲೆಕ್ಕವನ್ನೇ ಹೊಸದಾಗಿ ಹಾಕಬೇಕಾಗುತ್ತದೆ.

ಟೇಲರ್ ಬೋನಾಳದ ಕೆರೆಯನ್ನು ಹಿಗ್ಗಿಸಿದ್ದು ಮಳೆ ಕೈಕೊಡುವ ಸೀಮೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಉದ್ದೇಶದಿಂದ. ಯಂತ್ರದ ಮಟ್ಟಿಗೆ ಆಗಬೇಕಾದದ್ದು ಅದಕ್ಕೆ ವಿರುದ್ಧವಾದದ್ದು. ಅಲ್ಲಿ ಕಾವನ್ನು ಹಿಡಿದಿಡದೆ ಹೊರಗೆ ಬಿಡಬೇಕು. ಎರಡು ಕೆಲಸಗಳಿಗೂ ಮೊದಲು ತಿಳಿದಿರಬೇಕಾದದ್ದು ಮಾತ್ರ ಒಂದೇ: ಈ ನೆಲದ ಬಿಸಿಲು ಎಷ್ಟು ಎಂಬುದು.