ಪ್ರೌಢದೇವರಾಯನ ಬಿಲ್ಲುಗಾರರು

ಕಂಪ್ಲಿಯ ಕುಮಾರರಾಮನ ಕಥೆ ತಿರುಗುವುದು ಒಂದು ಚೆಂಡಿನ ಮೇಲೆ. ಓರಗೆಯವರೊಡನೆ ಆಡುತ್ತಿದ್ದ ರಾಜಕುಮಾರನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿದ್ದುದು, ಅದನ್ನು ತರಹೋದವನಲ್ಲಿ ಆಕೆ ಮೋಹಗೊಂಡುದು, ಅವನು ಒಲ್ಲೆನೆನ್ನಲು ಆಕೆ ಹೊರಿಸಿದ ಅಪವಾದವನ್ನು ನಂಬಿ ಕಂಪಿಲರಾಯನು ಮಗನ ತಲೆಯನ್ನೇ ತರಹೇಳಿದುದು, ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ ಅವನನ್ನು ಕಾಪಾಡಿದುದು, ಇವೆಲ್ಲವನ್ನೂ ನಂಜುಂಡ ಮೊದಲಾದ ಕವಿಗಳು ಸಾಂಗತ್ಯದಲ್ಲಿ ವಿಸ್ತರಿಸಿದ್ದಾರೆ. ಸಂಡೂರಿನ ಬೆಟ್ಟಸಾಲಿನಲ್ಲಿರುವ ರಾಮನದುರ್ಗಕ್ಕೂ ಅವನ ಹೆಸರನ್ನೇ ಹಚ್ಚಿ ಹೇಳುವವರುಂಟು. 1327ರಲ್ಲಿ ದೆಹಲಿಯ ಸೈನ್ಯದ ಕೈಯಲ್ಲಿ ಕಂಪಿಲಿಯ ರಾಜ್ಯವು ಅಳಿದುದು ಚರಿತ್ರೆ. ಚೆಂಡು ಕವಿಗಳ ಸ್ವತ್ತು. ಆದರೂ ಈ ಸೀಮೆಯ ಇತಿಹಾಸವನ್ನು ಓದುವಾಗಲೆಲ್ಲ, ಕೈಯಿಂದ ಚಿಮ್ಮಿ ದೂರ ಹೋಗಿ ಬೀಳುವ ವಸ್ತುವೊಂದು, ಅದು ಚೆಂಡಾಗಲಿ ಅಂಬಾಗಲಿ ಭರ್ಜಿಯಾಗಲಿ, ರಾಜರ ಹಣೆಬರಹದ ನಡುವೆ ಬಂದು ಬೀಳುವುದನ್ನು ನಾನು ಗಮನಿಸಿದ್ದೇನೆ. ಅಂಥ ಪ್ರಸಂಗಗಳಲ್ಲೆಲ್ಲ ನನಗೆ ಬಹಳ ಹಿಡಿಸಿದುದು ಹಂಪೆಯ ಎರಡನೆಯ ದೇವರಾಯನು, ಎಂದರೆ ಪ್ರೌಢದೇವರಾಯನು, ಸೋತ ಸೈನ್ಯವೊಂದನ್ನು ಬಿಲ್ಲಿನಿಂದ ಮೊದಲ್ಗೊಂಡು ಮರಳಿ ಕಟ್ಟಲು ಹೊರಟ ಪ್ರಸಂಗ.

ಸೋಲು ಅವನ ಕಾಲಕ್ಕೆ ಹೊಸದಾಗಿರಲಿಲ್ಲ. ತುಂಗಭದ್ರೆಗೂ ಕೃಷ್ಣೆಗೂ ನಡುವಣ ದೋಆಬಿಗಾಗಿ, ಅಲ್ಲಿಯ ಮುದಗಲ್ಲು ರಾಯಚೂರು ಕೋಟೆಗಳಿಗಾಗಿ, ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ ನಡೆದ ಯುದ್ಧಗಳಲ್ಲಿ ಸಂಖ್ಯಾಬಲವು ಸಾಮಾನ್ಯವಾಗಿ ದಕ್ಷಿಣದ ಕಡೆಗೂ ಜಯವು ಬಹುಮಟ್ಟಿಗೆ ಉತ್ತರದ ಕಡೆಗೂ ಇರುತ್ತಿದ್ದಿತು. ಸುಲ್ತಾನ ಅಹಮದ್ ಷಹನು 1423ರ ಸುಮಾರಿಗೆ ದಂಡೆತ್ತಿ ಬಂದಾಗ ಎರಡು ಸೈನ್ಯಗಳೂ ತುಂಗಭದ್ರೆಯ ಎರಡು ದಡಗಳಲ್ಲಿ ನಲವತ್ತು ದಿನ ಒಂದನ್ನೊಂದು ನೋಡುತ್ತ ಕುಳಿತಿದ್ದುವಂತೆ. ಕಡೆಗೊಂದು ರಾತ್ರಿ ಶತ್ರುವಿನ ತುಕಡಿಯೊಂದು ಹೊಳೆ ದಾಟಿತು. ಬೆಳಗಿನ ಜಾವ ಕಬ್ಬಿನ ತೋಟದ ಮಗ್ಗುಲಲ್ಲಿ ಮಲಗಿದ್ದ ರಾಯನು ಗದ್ದಲಕ್ಕೆ ಎಚ್ಚತ್ತು, ಮೈಮೇಲೆ ಸರಿಯಾದ ಬಟ್ಟೆಯೂ ಇಲ್ಲದೆ ಕಬ್ಬಿನೊಳಗೆ ಅಡಗಿದನು. ಕಬ್ಬು ಮುರಿಯಲು ಬಂದ ಸಿಪಾಯಿಗಳು ಅವನನ್ನು ಯಾರೋ ತೋಟದ ಆಳೆಂದು ಬಗೆದು, ತಲೆಯ ಮೇಲೊಂದು ಕಬ್ಬಿನ ಹೊರೆ ಹೊರಿಸಿ ಮುಂದೆ ನಡೆಸಿಕೊಂಡು ಹೋದರು. ಶಿಬಿರದ ಕೊಳ್ಳೆಯಲ್ಲಿ ಎಲ್ಲರೂ ಮೈಮರೆತಾಗ ಅವನು ಹೊರೆ ಇಳಿಸಿ ತಪ್ಪಿಸಿಕೊಂಡನು. ಹೀಗೆಂದು ಬರೆದವನು ಇತಿಹಾಸಕಾರ ಫಿರಿಸ್ತಾ. ಆ ರಾಯನು ಪ್ರೌಢದೇವರಾಯನೋ ಅವನ ತಂದೆ ವಿಜಯರಾಯನೋ ಎಂಬಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಯಾರೇ ಆಗಿರಲಿ, ಕಂಪ್ಲಿಯ ಕಬ್ಬಿನ ಗದ್ದೆಗಳ ನಡುವಣ ದಾರಿಯಲ್ಲಿ ತಲೆಹೊರೆಯವರು ಸಾಲಾಗಿ ಬರುವುದನ್ನು ನೋಡಿದವರಿಗೆ, ಗರಿಯ ಅಂಚು ಕೊರಳಿಗೆ ತಾಗಿ ಕೊಯ್ಯುತ್ತಿರಲು ತಲೆಯೆತ್ತಲಾರದೆ ನಡೆಯುತ್ತಿದ್ದ ಆ ಛತ್ರಪತಿಯ ಚಿತ್ರ ಸುಲಭವಾಗಿ ಮರೆಯುವಂಥದಲ್ಲ.

ಅದೇ ದಂಡಯಾತ್ರೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಜಿಂಕೆಯ ಬೆನ್ನಟ್ಟಿ ಶಿಬಿರದಿಂದ ದೂರ ಹೋಗಿದ್ದ ಸುಲ್ತಾನನನ್ನು ವಿಜಯನಗರದ ಕೆಲವು ಸಾವಿರ ಕುದುರೆಸವಾರರು ಅಟ್ಟಿಸಿಕೊಂಡು ಬಂದರು. ಅವನು ದನ ಕೂಡುವ ಮಣ್ಣುಗೋಡೆಯ ದೊಡ್ಡಿಯೊಂದನ್ನು ಹೊಕ್ಕನು. ಅವನೊಡನಿದ್ದ ಇನ್ನೂರು ಮಂದಿ ವಿದೇಶೀ ಬಿಲ್ಲುಗಾರರು ಗೋಡೆಯ ಮರೆಯಿಂದ ಎಡೆಬಿಡದೆ ಅಂಬು ಸುರಿಸಿ, ನೆರವು ಬರುವವರೆಗೆ ಆ ಸಾವಿರಾರು ಮಂದಿಯನ್ನು ತಡೆದು ನಿಲ್ಲಿಸಿದರು. ಪ್ರಾಣ ಉಳಿಸಿಕೊಂಡ ಸುಲ್ತಾನನು ಆ ಪಾಠವನ್ನು ಮರೆಯಲಿಲ್ಲ. ಇರಾಕು, ಖುರಾಸಾನ ಮೊದಲಾದ ದೇಶಗಳಿಂದ ಮೂರು ಸಾವಿರ ಬಿಲ್ಲಾಳುಗಳನ್ನು ಕೂಡಿಸುವಂತೆ ಅಪ್ಪಣೆ ಮಾಡಿದನು. ಸೋತವರು ಅದೇ ಪಾಠವನ್ನು ಕಲಿಯುವುದಕ್ಕೆ ಇನ್ನಷ್ಟು ವರ್ಷಗಳು ಹಿಡಿದುವು.

ಕಲಿತ ಬಗೆಯನ್ನೂ ಫಿರಿಸ್ತಾ ವರ್ಣಿಸಿದ್ದಾನೆ. ದೇವರಾಯನು ಮಂತ್ರಿಗಳನ್ನೂ ಬ್ರಾಹ್ಮಣರನ್ನೂ ನೆರೆಯಿಸಿ, ನಮ್ಮ ರಾಜ್ಯವು ವಿಸ್ತಾರದಲ್ಲಿಯೂ ಜನದಲ್ಲಿಯೂ ಆದಾಯದಲ್ಲಿಯೂ ಅವರ ರಾಜ್ಯಕ್ಕಿಂತ ದೊಡ್ಡದಾಗಿದ್ದರೂ ನಾವು ಪುನಃಪುನಃ ಸೋಲುವುದೇಕೆಂದು ಕೇಳಿದನಂತೆ. ಕೆಲವರು ಶಾಸ್ತ್ರಗಳನ್ನು ಉದಾಹರಿಸಿ, ಇದು ದೈವಸಂಕಲ್ಪ, ಕಾಲವು ಅವರಿಗೆ ಅನುಕೂಲವಾಗಿದೆ ಎಂದರು. ಸಂತೈಸಿಕೊಳ್ಳುವುದಕ್ಕೆ ಇದಕ್ಕಿಂತ ಮೆತ್ತನೆಯ ಉತ್ತರ ದೊರೆಯದು. ಯಾರ ತಪ್ಪೂ ಇಲ್ಲ, ಯಾರೂ ಏನೂ ಮಾಡಬೇಕಾದುದಿಲ್ಲ. ಉಳಿದವರ ಮಾತು ಒರಟಾಗಿದ್ದಿತು. ಅವರ ಕುದುರೆಗಳು ಬಲವಾದುವು, ದಣಿವು ತಾಳುವಂಥವು, ನಮ್ಮವು ಬಡಕಲು. ಅವರಲ್ಲಿ ಒಳ್ಳೆಯ ಬಿಲ್ಲುಗಾರರ ದೊಡ್ಡ ಪಡೆಯೇ ಇದೆ, ನಮ್ಮಲ್ಲಿರುವವರು ಕೆಲವೇ ಮಂದಿ. ಅರಸನು ಎರಡನೆಯ ಮಾತನ್ನು ಹಿಡಿದನು.

ಕುದುರೆಯ ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಅದು ಹಣದಿಂದ ತೀರುವ ಕೊರತೆ. ಅರಬ್ಬೀ ಕುದುರೆಗಳನ್ನು ಪಶ್ಚಿಮ ಕರಾವಳಿಯ ರೇವುಗಳಿಂದ ತರಿಸಿಕೊಳ್ಳಬಹುದಾಗಿದ್ದಿತು. ಮುಂದೆ ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನೆಂದೂ, ಸಾಕ್ಷ್ಯಕ್ಕಾಗಿ ವರ್ತಕನು ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿದ್ದಿತೆಂದೂ ಪೋರ್ಚುಗೀಸ್ ವರ್ತಕ ನೂನಿಜನು ಬರೆದಿದ್ದಾನೆ. ಬಾಲಗಳ ಲೆಕ್ಕ ಬರೆದುಕೊಳ್ಳುತ್ತಿದ್ದ ಆ ಕರಣಿಕನ ಕಡತವೊಂದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!

ಬಿಲ್ಲುಗಾರನ ಕೊರತೆ ಅಂಥದಲ್ಲ. ನಮ್ಮ ಕಡೆಯ ಸಾಧಾರಣ ಬಿಲ್ಲು ಬಿದಿರಿನದು. ಅದು ಉದ್ದವಾದುದು, ನೆಲದ ಮೇಲೆ ಕಾಲೂರಿ ನಿಂತವನಿಗೆ ಒಗ್ಗುವಂಥದು. ಕುದುರೆಯ ಬೆನ್ನೇರಿದವನು ಅದನ್ನು ಕುದುರೆಯ ಕೊರಳಿನ ಈ ಪಕ್ಕದಿಂದ ಆ ಪಕ್ಕಕ್ಕೆ ಹೊರಳಿಸುವುದೇ ಕಷ್ಟ. ತುರುಕರ ಬಿಲ್ಲಾದರೋ ಗಿಡ್ಡದು. ಮರದ ತಿರುಳಿಗೆ ಒಳಮೈಯಲ್ಲಿ ಕೊಂಬಿನ ಪಟ್ಟಿಯನ್ನೂ ಹೊರಮೈಯಲ್ಲಿ ಪ್ರಾಣಿಗಳ ನರವನ್ನೂ ಅಂಟಿನಿಂದ ಕೂಡಿಸಿ, ತಿಂಗಳುಗಟ್ಟಲೆ ಒಣಗಿಸಿ ಮಾಡಿದ್ದು. ಬಗ್ಗಿಸಿದಾಗ ಕೊಂಬು ಒತ್ತಡವನ್ನೂ ನರವು ಎಳೆತವನ್ನೂ ತಾಳುವುದರಿಂದ, ಮೂರು ಮೊಳದ ಒಳಗಿನ ಆ ವಸ್ತುವು ಆಳೆತ್ತರದ ಬಿದಿರಿಗಿಂತ ಬಿರುಸಾಗಿ ಅಂಬನ್ನು ಕಳುಹಿಸಬಲ್ಲುದು. ಕೊಂಬಿನ ಬಿಲ್ಲಿಗೆ ಕನ್ನಡದಲ್ಲಿ ಸಿಂಗಾಡಿಯೆಂಬ ಹಳೆಯ ಹೆಸರುಂಟು. ಆದುದರಿಂದ ವಸ್ತುವು ನಮ್ಮವರಿಗೆ ಪೂರ್ತಿ ಅಪರಿಚಿತವಾಗಿತ್ತೆನ್ನಲಾಗದು. ಅಭ್ಯಾಸವು ಅಪರಿಚಿತವಾಗಿದ್ದಿತು. ಹೆಬ್ಬೆರಳಿಗೆ ಉಂಗುರ ತೊಟ್ಟು ಅದರಿಂದ ಹೆದೆಯನ್ನು ಸೆಳೆಯುವುದು, ಓಡುವ ಕುದುರೆಯ ಮೇಲಿನಿಂದ ಹಿಂದಿರುಗಿ ಗುರಿಯಿಡುವುದು, ಮಳೆಗಾಲದ ತೇವಕ್ಕೆ ಅಂಟು ಬಿಡದಂತೆ ಬಿಲ್ಲನ್ನು ಕಾಪಾಡುವುದು, ಇವೆಲ್ಲ ಎಳವೆಯಿಂದ ಮೈಗೂಡಬೇಕಾದುವು. ಬಲಿತ ಸೈನಿಕನಿಗೆ ಬಿಲ್ಲು ಕೊಟ್ಟ ಮಾತ್ರಕ್ಕೆ ಬೆನ್ನಿನ ಸ್ನಾಯುಗಳು ಅಪ್ಪಣೆ ಕೇಳುವುದಿಲ್ಲ.

ಇಂಥ ಕೊರತೆಯನ್ನು ನೀಗುವ ಬಗೆಗೆ ಆಟದಿಂದೊಂದು ಹೋಲಿಕೆ ಕೊಡಬಹುದು. ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ಚೆಂಡನ್ನೆಸೆಯುವ ಪಿಚರ್ ಎಂಬವನಿಗೆ, ನಮ್ಮ ಕ್ರಿಕೆಟ್ಟಿನ ಬೌಲರಿಗಿರುವುದಕ್ಕಿಂತಲೂ ಹೆಚ್ಚಿನ ಮಹತ್ತ್ವವುಂಟು. ಬಿದ್ದುಹೋದ ತಂಡವನ್ನು ಎತ್ತಿ ಕಟ್ಟುವವರು ಅಲ್ಲಿ ಹಿಡಿಯುವ ದಾರಿಗಳು ಎರಡು. ಹೊರಗಿನಿಂದ ನುರಿತ ತೋಳನ್ನು ಹಣ ಕೊಟ್ಟು ತರುವುದೊಂದು. ಊರೂರಿನ ಕಿರಿಯ ತಂಡಗಳಲ್ಲಿ ಹುಡುಗರನ್ನು ಪಳಗಿಸಿ, ಅವರ ತೋಳು ಬಲಿಯುವವರೆಗೆ ಸೋಲುಗಳನ್ನು ಸಹಿಸಿಕೊಂಡಿರುವುದು ಮತ್ತೊಂದು. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದಕ್ಕೆ ಎದೆ ಬೇಕು. ದೇವರಾಯನು ಎರಡನ್ನೂ ಒಟ್ಟಿಗೆ ಹಿಡಿದನು.

ಮುಸಲ್ಮಾನ ಯೋಧರನ್ನು ಸೇವೆಗೆ ಕರೆದು ಅವರಿಗೆ ಜಾಗೀರುಗಳನ್ನು ಕೊಟ್ಟನು. ರಾಜಧಾನಿಯಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ಅವರ ಧರ್ಮಾಚರಣೆಗೆ ಯಾರೂ ಅಡ್ಡಿ ಬರಕೂಡದೆಂದು ವಿಧಿಸಿದನು. ಮನುಷ್ಯಮಾತ್ರದವನಿಗೆ ತಲೆಬಾಗುವುದು ಅವರ ಧರ್ಮಕ್ಕೆ ಸಲ್ಲದಾದ ಕಾರಣ, ಸಿಂಹಾಸನದ ಮುಂದೆ ಬೆಲೆಬಾಳುವ ಪೀಠದ ಮೇಲೆ ಕುರಾನನ್ನು ಇರಿಸಿದನು. ಅವರು ಬಾಗಿದ್ದು ಗ್ರಂಥಕ್ಕೆ, ಅರಸನಿಗೆ ಸಂದುದು ಮರ್ಯಾದೆ. ಎರಡು ಕಡೆಯ ಮಾನವನ್ನೂ ಒಂದೇ ಪೀಠದ ಮೇಲೆ ಉಳಿಸಿದ ಈ ಉಪಾಯವನ್ನು ಯಾರು ಸೂಚಿಸಿದರೋ, ಅವನೇ ಅಂದಿನ ಆಸ್ಥಾನದ ಅತ್ಯಂತ ಬುದ್ಧಿವಂತನೆಂದು ನನ್ನ ಮತ. ಅನಂತರ ತನ್ನ ಸೈನಿಕರೆಲ್ಲರೂ ಬಿಲ್ವಿದ್ಯೆಯನ್ನು ಕಲಿಯಬೇಕೆಂದು ಆಜ್ಞಾಪಿಸಿ ತಾನೂ ಅಭ್ಯಾಸಕ್ಕೆ ನಿಂತನು. ಗಜಬೇಟೆಕಾರನೆಂದು ಬಿರುದಾಂತ ದೊರೆಯು ಪಾಳೆಯದ ಹುಡುಗರ ಸಾಲಿನಲ್ಲಿ ಹೆದೆ ಎಳೆಯುವುದಕ್ಕೆ ಕಲಿತನೆಂಬುದು ಸಣ್ಣ ಮಾತಲ್ಲ. ಫಲವಾಗಿ 2,000 ಮುಸಲ್ಮಾನ ಬಿಲ್ಲಾಳುಗಳೂ 60,000 ಹಿಂದೂ ಬಿಲ್ಲಾಳುಗಳೂ, 80,000 ಕುದುರೆಯೂ, 2,00,000 ಕಾಲಾಳೂ ಸಿದ್ಧವಾದುವೆಂದು ಫಿರಿಸ್ತಾ ಎಣಿಸುತ್ತಾನೆ.

ಈ ಲೆಕ್ಕವನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಅವನು ಬರೆದುದು ಬಿಜಾಪುರದ ಆಶ್ರಯದಲ್ಲಿ, ನೂರೈವತ್ತು ವರ್ಷಗಳಿಗೂ ಮಿಕ್ಕು ಕಳೆದ ಮೇಲೆ; ಸೊನ್ನೆಗಳ ವಿಷಯದಲ್ಲಿ ಅವನ ಕೈ ಧಾರಾಳ. ಆದರೆ ಎರಡು ಸಂಖ್ಯೆಗಳ ಅನುಪಾತವನ್ನು ನೋಡಿ: ಒಬ್ಬೊಬ್ಬ ಉಸ್ತಾದನಿಗೆ ಮೂವತ್ತು ಮಂದಿ ಶಿಷ್ಯರು. ಒಂದು ಗರಡಿಯಲ್ಲಿ ಒಬ್ಬ ಗುರುವು ನೋಡಿಕೊಳ್ಳಬಹುದಾದಷ್ಟೇ ಜನ.

ಕತೆಯ ಬುಡ ಗಟ್ಟಿಯೆಂದು ಹೇಳಲು ನನಗೆ ಧೈರ್ಯ ಕೊಡುವುದು ಒಂದು ಕಲ್ಲು. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯ ಬದಿಯಲ್ಲಿ ಅಹಮದ್ ಖಾನನ ಮಸೀದಿಯಿದೆ. ಹೊಸಪೇಟೆಯಿಂದ ಬರುವ ಯಾತ್ರಿಕರು ವಿಠಲನ ಕಲ್ಲಿನ ರಥವನ್ನು ನೋಡುವ ಆತುರದಲ್ಲಿ ಅದನ್ನು ದಾಟಿಹೋಗುತ್ತಾರೆ. ಹೋದರೆ ತಪ್ಪೂ ಅಲ್ಲ, ದೂರಕ್ಕೆ ಅದು ಯಾವುದೋ ಗುಡಿಯ ಮುಂದಿನ ಮಂಟಪದಂತೆಯೇ ಕಾಣುವುದು. ಹೊರಗೆ ಕಮಾನಿಲ್ಲ, ಮೇಲೆ ಗುಮ್ಮಟವಿಲ್ಲ. ಈ ಊರಿನ ಕಲ್ಲುಕುಟಿಗರು ತಮಗೆ ತಿಳಿದ ಕಂಬಗಳನ್ನೇ ಸಾಲುಗಟ್ಟಿ ನಿಲ್ಲಿಸಿ, ತೊಲೆ ಹಾಯಿಸಿ, ಚಪ್ಪಡಿ ಹೊದಿಸಿದ್ದಾರೆ. ಒಳಹೊಕ್ಕು ಹಿಂಬದಿಯ ಗೋಡೆಯಲ್ಲಿ ಕಮಾನಾಗಿ ಕೊರೆದ ಗೂಡನ್ನು ಕಂಡಾಗ ಮಾತ್ರ ಇದು ನಮಾಜಿನ ತಾಣವೆಂದು ತಿಳಿಯುವುದು. ಅಲ್ಲಿಯ ಶಾಸನ ಕನ್ನಡದ್ದು, ಕಾಲ 1439. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು ಸ್ವಾಮಿಯ ಪುಣ್ಯಾರ್ಥವಾಗಿ ಕಟ್ಟಿಸಿದುದೆಂದು ಹೇಳುವ ಆ ಶಾಸನವು ಕಟ್ಟಡವನ್ನು ಧರ್ಮಶಾಲೆಯೆಂದು ಕರೆಯುತ್ತದೆ. ಫಿರಿಸ್ತಾ ಹೇಳುವಂತೆ ಅರಸನೇ ಮಸೀದಿ ಕಟ್ಟಿಸಿದನೋ, ಅಥವಾ ಅಧಿಕಾರಿಯು ಕಟ್ಟಿಸಿ ಅರಸನ ಹೆಸರಿಗೆ ಪುಣ್ಯವನ್ನು ಸಲ್ಲಿಸಿದನೋ, ಕಲ್ಲಿನ ಮಾತು ಎರಡನೆಯದರ ಕಡೆಗಿದೆ. ದೇವರಾಯನು ಹೊಸ ಸೈನ್ಯದೊಡನೆ ಬಹಮನಿಗಳ ಮೇಲೆ ಹೂಡಿದ 1443ರ ಯುದ್ಧಕ್ಕೆ ನಾಲ್ಕು ವರ್ಷ ಮೊದಲೇ ಆ ಜನ ಇಲ್ಲಿ ನೆಲೆಯೂರಿ, ಪುಣ್ಯಕಾರ್ಯ ಮಾಡುವಷ್ಟು ಸ್ಥಿತಿವಂತರಾಗಿದ್ದರೆಂಬುದಂತೂ ನಿಶ್ಚಯ.

ಆ ಯುದ್ಧದ ಫಲವೇನು? ದೇವರಾಯನು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದು, ರಾಯಚೂರು ಬಂಕಾಪುರಗಳಿಗೆ ಮುತ್ತಿಗೆಯಿಕ್ಕಿ, ಬಿಜಾಪುರದವರೆಗೆ ನಾಡನ್ನು ಸೂರೆಗೊಂಡನು. ಎರಡು ತಿಂಗಳಲ್ಲಿ ಮೂರು ಕಾಳಗಗಳಾದುವು. ಮೊದಲನೆಯದರಲ್ಲಿ ಹೊಸ ಸೈನ್ಯವೇ ಮೇಲುಗೈಯಾಯಿತು. ಶತ್ರುಪಕ್ಷದ ಇತಿಹಾಸಕಾರನೇ ಒಪ್ಪಿಕೊಂಡಿರುವ ಈ ಮಾತನ್ನು ನಾವು ಬೇಡವೆನ್ನಬೇಕಾಗಿಲ್ಲ. ಉಳಿದ ಎರಡರಲ್ಲಿ ಆಗಿನ ಬಹಮನಿ ಸುಲ್ತಾನನು ಗೆದ್ದನು. ಮೂರನೆಯದರಲ್ಲಿ ಖಾನ್ ಜಮಾನನೆಂಬ ಸರದಾರನು ಎಸೆದ ಭರ್ಜಿಯೊಂದು ರಾಯನ ಹಿರಿಯ ಮಗನಿಗೆ ತಗುಲಿ ಅವನು ಮಡಿದನು, ಸೈನ್ಯ ಮುದಗಲ್ಲಿನ ಕೋಟೆಗೆ ಓಡಿತು. ವರ್ಷಗಟ್ಟಲೆ ಅರುವತ್ತು ಸಾವಿರ ತೋಳುಗಳನ್ನು ಪಳಗಿಸಿದವನ ಮನೆಯನ್ನು ಒಂದು ತೋಳಿನ ಒಂದು ಎಸೆತ ಬರಿದುಮಾಡಿತು. ರಾಯನು ಕಪ್ಪ ಕೊಡಲೊಪ್ಪಿ ಸಂಧಿ ಮಾಡಿಕೊಂಡನು. ಅದಾಗಿ ಮೂರು ವರ್ಷಕ್ಕೆ, 1446ರಲ್ಲಿ, ಕಾಲವಾದನು.

ಹಾಗೆಂದು ಅವನ ಶ್ರಮವು ನೀರ ಮೇಲಣ ಬರಹವಾಯಿತೆಂದು ನಾನು ಹೇಳಲಾರೆ. 1520ರ ಸುಮಾರಿನಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಕೃಷ್ಣದೇವರಾಯನ ಸೈನ್ಯದ ವೀಕ್ಷಣೆಯನ್ನು ಕಂಡು ಬರೆದಾಗ, ತುರ್ಕಿ ಬಿಲ್ಲುಗಳನ್ನು ಹಿಡಿದ ಮುಸಲ್ಮಾನರ ಪಡೆ ಆ ಸಾಲಿನಲ್ಲಿ ನಿಂತೇ ಇದೆ. ಪ್ರೌಢದೇವರಾಯನಿಗೆ ದಕ್ಕದೆಹೋದ ರಾಯಚೂರು ದಕ್ಕಿದುದು ಅದೇ 1520ರಲ್ಲಿ. ಆದರೆ ಆ ಹೊತ್ತಿಗೆ ಎಸೆಯುವ ಕೈ ಮತ್ತೆ ಬದಲಾಗುತ್ತಿದ್ದಿತು. ಕೋಟೆಯ ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಕೆಡವಿ, ಕೆಳಗೆ ರಾಯನ ಆಳುಗಳು ಕಲ್ಲು ಕೀಳಲು ಎಡೆ ಮಾಡಿಕೊಟ್ಟವರು ಕ್ರಿಸ್ತೊವಾವ್ ದ ಫಿಗೇರೆದುವೆಂಬ ಪೋರ್ಚುಗೀಸನೂ ಅವನ ಇಪ್ಪತ್ತು ಮಂದಿ ಬಂದೂಕುಗಾರರೂ. ಅದಕ್ಕೆ ಮುಂಚೆ ಬಯಲಿನ ಕಾಳಗದಲ್ಲಿ ಬಿಜಾಪುರದ ಆದಿಲ್ ಷಹನ ಫಿರಂಗಿಗಳು ಮೊದಲ ಸುತ್ತು ಹಾರಿಸಿಯೂ ಅವನನ್ನು ಉಳಿಸಲಾರದೆ ರಾಯನ ವಶವಾಗಿದ್ದುವು. ಗೆದ್ದವರು ಆ ಫಿರಂಗಿಗಳನ್ನು ಎಣಿಸಿಕೊಂಡರು. ಅವನ್ನು ನಡೆಸುವ ಗುರುಗಳನ್ನು ಕರೆದು, ಊರ ಹುಡುಗರನ್ನು ಅವರ ಕೈಕೆಳಗೆ ನಿಲ್ಲಿಸುವ ಪ್ರೌಢದೇವರಾಯನೊಬ್ಬನು ಆಗ ಹುಟ್ಟಲಿಲ್ಲ. ಸೋತಾಗ ಪರಿಷತ್ತು ಕೂಡಿಸಿದ ನಗರಕ್ಕೆ ಗೆದ್ದಾಗ ಕೂಡಿಸಬೇಕೆಂದು ತೋರದೆಹೋಯಿತೆಂದು ನಾನು ಊಹಿಸುತ್ತೇನೆ.

1565ರ ಜನವರಿಯಲ್ಲಿ, ಕೃಷ್ಣೆಯ ದಕ್ಷಿಣದ ಬಯಲಿನಲ್ಲಿ, ಅಹಮದನಗರದ ಫಿರಂಗಿಗಳ ಅಧಿಪತಿಯಾಗಿದ್ದ ರೂಮಿಖಾನನು ವಿಜಯನಗರದ ರಾಮರಾಯನ ಸೈನ್ಯ ತೀರ ಹತ್ತಿರ ಬರುವವರೆಗೆ ತಡೆದನು. ಆಮೇಲೆ ಫಿರಂಗಿಗಳ ಬಾಯಿಗೆ ಗುಂಡಿನ ಬದಲು ತಾಮ್ರದ ಕಾಸುಗಳ ಚೀಲಗಳನ್ನು ತುಂಬಿ ಹಾರಿಸಿದನು.