ಇಲಾಖಾ ವಿಚಾರಣೆಯಲ್ಲಿ ಯಾರಿಗೆ ಸ್ಥಾನ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಸರ್ಕಾರಿ ಸೇವೆಯಲ್ಲಿದ್ದಾರೆ. ನಮ್ಮ ಬಂಧುವರ್ಗದಲ್ಲಿಯೂ ಗುಮಾಸ್ತರಿಂದ ಹಿಡಿದು ಎಂಜಿನಿಯರುಗಳವರೆಗೆ ಸರ್ಕಾರಿ ನೌಕರರಿಗೆ ಕೊರತೆಯಿಲ್ಲ. ಆದ್ದರಿಂದ ಈ ಬಾರಿ, ಯಾರಿಗೂ ಬೇಡವಾದ ಆದರೆ ಯಾರಿಗಾದರೂ ಒದಗಬಹುದಾದ ಒಂದು ಸಂಗತಿಯ ಚರಿತ್ರೆಯನ್ನು ಬರೆಯಬೇಕೆನಿಸಿತು. ನೌಕರನ ಮೇಲೆ ಆಪಾದನೆ ಬಂದು ಇಲಾಖಾ ವಿಚಾರಣೆ ನಡೆಯುವಾಗ ಆ ಕೋಣೆಯೊಳಗೆ ಯಾರು ಯಾರು ಇರಬಹುದು ಎಂಬುದೇ ಆ ಸಂಗತಿ.

ಈ ಚರಿತ್ರೆ ಕಂಪನಿ ಸರ್ಕಾರದ ಕಾಲದಷ್ಟು ಹಳೆಯದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, 1850ರಲ್ಲಿ, ಸರ್ಕಾರಿ ನೌಕರರ ನಡತೆಯ ವಿಚಾರಣೆಗೆಂದೇ ಒಂದು ಕಾಯ್ದೆ ಬಂದಿತು. ಆ ವರ್ಷದ 37ನೆಯ ಕಾಯ್ದೆ ಅದು. ಅದರಲ್ಲಿ ಹೇಳಿದ್ದು ವಿಧ್ಯುಕ್ತವೂ ಬಹಿರಂಗವೂ ಆದ ವಿಚಾರಣೆಯನ್ನು. ಆಪಾದನೆಗಳನ್ನು ಬಹಿರಂಗವಾಗಿ ಓದಿ ಹೇಳಬೇಕಾಗಿತ್ತು. ಆದರೆ ಈ ಭಾಗ್ಯವಿದ್ದದ್ದು ಸರ್ಕಾರದ ಮಂಜೂರಾತಿಯಿಲ್ಲದೆ ತೆಗೆದುಹಾಕಲಾಗದ ನೌಕರರಿಗೆ ಮಾತ್ರ. ಕಚೇರಿಯ ಜವಾನನಿಗೂ ಹಳ್ಳಿಯ ಮೇಷ್ಟರಿಗೂ ಆ ಕಾಯ್ದೆಯ ಆಸರೆ ಇರಲಿಲ್ಲ.

1935ರ ಭಾರತ ಸರ್ಕಾರ ಕಾಯ್ದೆಯ 240ನೆಯ ಪ್ರಕರಣವು, ಸಮಂಜಸವಾದ ಅವಕಾಶ ಕೊಡದೆ ನೌಕರನನ್ನು ವಜಾ ಮಾಡಕೂಡದೆಂದು ವಿಧಿಸಿತು. 1950ರಲ್ಲಿ ಅದೇ ಭರವಸೆ ನಮ್ಮ ಸಂವಿಧಾನದ 311ನೆಯ ಅನುಚ್ಛೇದವಾಯಿತು. ಸಮಂಜಸವಾದ ಅವಕಾಶ ಎಂದರೇನು? 1957ರಲ್ಲಿ ಖೇಮ್ ಚಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬಿಡಿಸಿ ಹೇಳಿತು: ಆಪಾದನೆಯನ್ನು ತಿಳಿದು ಅಲ್ಲಗಳೆಯುವ ಅವಕಾಶ, ಎದುರು ಸಾಕ್ಷಿಗಳನ್ನು ಪಾಟೀ ಸವಾಲಿಗೆ ಒಳಪಡಿಸಿ ತನ್ನ ಸಾಕ್ಷ್ಯವನ್ನು ಮುಂದಿಡುವ ಅವಕಾಶ, ಉದ್ದೇಶಿತ ದಂಡನೆ ಏಕೆ ಬೇಡವೆಂದು ಹೇಳುವ ಅವಕಾಶ.

ಹಕ್ಕು ದೊರೆಯಿತು. ಅದನ್ನು ಚಲಾಯಿಸುವ ನಾಲಗೆ ಎಲ್ಲರಿಗೂ ಇರುತ್ತದೆಯೆ? ವಿಚಾರಣೆಯಲ್ಲಿ ವಿಚಾರಣಾಧಿಕಾರಿ ಇರುತ್ತಾರೆ. ಇಲಾಖೆಯ ಪರವಾಗಿ ಮಂಡನಾಧಿಕಾರಿ ಇರುತ್ತಾರೆ. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ಪತ್ರಿಕೆಯವರಿಗಾಗಲಿ ಊರವರಿಗಾಗಲಿ ಅಲ್ಲಿ ಪ್ರವೇಶವಿಲ್ಲ. ಆಪಾದಿತನ ಹೆಂಡತಿಯೋ ಅಣ್ಣನೋ ಹೊರಗಿನ ಬೆಂಚಿನ ಮೇಲೆ ಕಾಯಬಹುದಷ್ಟೆ. ಆಪಾದಿತನ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ನಿಯಮಗಳು ಜಾಗ ಮಾಡಿಕೊಟ್ಟಿವೆ. ಅಂದು ಮೈಸೂರಿನದೆನಿಸಿದ್ದ ನಮ್ಮ ರಾಜ್ಯದ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ 11ನೆಯ ನಿಯಮದಂತೆ, ಆತನು ಮತ್ತೊಬ್ಬ ಸರ್ಕಾರಿ ನೌಕರನ ನೆರವು ಪಡೆಯಬಹುದು. ವಕೀಲರಿಗೆ ಅವಕಾಶ ಎರಡೇ ಸಂದರ್ಭಗಳಲ್ಲಿ: ಮಂಡನಾಧಿಕಾರಿಯೇ ವಕೀಲರಾಗಿದ್ದರೆ, ಇಲ್ಲವೆ ಶಿಸ್ತು ಪ್ರಾಧಿಕಾರ ಅನುಮತಿ ಕೊಟ್ಟರೆ. ಕೇಂದ್ರದ 1965ರ ನಿಯಮಗಳೂ ಇದೇ ಹಾದಿಯವು. ಅಲ್ಲಿ ನಿವೃತ್ತ ನೌಕರರ ನೆರವಿಗೂ ಷರತ್ತುಗಳೊಡನೆ ಎಡೆಯಿದೆ.

ನ್ಯಾಯಾಲಯಗಳ ಧೋರಣೆ ಮೊದಲಿಗೆ ಬಿಗಿಯಾಗಿತ್ತು. 1960ರಲ್ಲಿ, ಟಾಟಾ ಲೋಕೋಮೋಟಿವ್ ಕಾರ್ಖಾನೆಯ ಕಾರ್ಮಿಕ ಕಾಳಿಂದಿಯ ಪ್ರಕರಣದಲ್ಲಿ, ಆಂತರಿಕ ವಿಚಾರಣೆಗೆ ಸಂಘದ ಪ್ರತಿನಿಧಿಯನ್ನು ಕರೆತರುವುದು ಹಕ್ಕಲ್ಲವೆಂದು ತೀರ್ಪಾಯಿತು. ಸರಳವಾದ ಸಂಗತಿಗಳಿಗೆ ಆಪಾದಿತನೇ ಉತ್ತರ ಕೊಡಬಲ್ಲನೆಂಬುದು ಅದರ ಹಿಂದಿನ ತರ್ಕ. 1972ರಲ್ಲಿ ಕೊಚ್ಚಿಯ ಸುಂಕ ಇಲಾಖೆಯ ನೌಕರ ಸುಬ್ರಮಣಿಯಂ ಪ್ರಕರಣ ಬಂದಾಗ ನೋಟ ಬದಲಾಯಿತು. ಇಲಾಖೆಯ ಪರ ವಾದಿಸಿದವರು ತರಬೇತಿ ಪಡೆದ ಪೊಲೀಸ್ ಪ್ರಾಸಿಕ್ಯೂಟರು. ನೌಕರನಿಗೆ ಮಾತ್ರ ವಕೀಲರನ್ನು ನಿರಾಕರಿಸಲಾಗಿತ್ತು. ತಕ್ಕಡಿ ಒಂದೇ ಕಡೆಗೆ ವಾಲಿತೆಂದು ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಗೊಳಿಸಿತು. 1982ರಲ್ಲಿ ಮುಂಬಯಿ ಬಂದರಿನ ನೌಕರ ನಾಡಕರ್ಣಿಯವರ ವಿಷಯದಲ್ಲಿಯೂ ಹಾಗೆಯೇ ಆಯಿತು. ಆಡಳಿತದ ಪರವಾಗಿ ಕಾನೂನು ಬಲ್ಲವರನ್ನು ಕೂರಿಸಿ, ನೌಕರನಿಗೆ ಅದನ್ನೇ ನಿರಾಕರಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಾಲಯ ಹೇಳಿತು. ಆದರೂ ವಕೀಲರು ಬೇಕೇ ಬೇಕೆನ್ನುವ ನಿರಪೇಕ್ಷ ಹಕ್ಕು ನೌಕರನಿಗೆ ಇಂದಿಗೂ ಇಲ್ಲ.

ಈ ನಡುವೆ 1976ರ 42ನೆಯ ತಿದ್ದುಪಡಿಯು, ದಂಡನೆ ವಿಧಿಸುವ ಮುನ್ನ ಅದರ ಬಗ್ಗೆ ಕೊಡುತ್ತಿದ್ದ ಎರಡನೆಯ ಅವಕಾಶವನ್ನು ತೆಗೆದುಹಾಕಿತು. ಹೀಗಾಗಿ ಆ ಕೋಣೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಯ ಬೆಲೆ ಹೆಚ್ಚಾಯಿತು.

ಈ ಮಾತಿನ ಅರ್ಥ ನನಗೆ ಸೇವಾವಧಿಯಲ್ಲಿ ಮನವರಿಕೆಯಾಯಿತು. ನಮ್ಮ ಶಾಲೆಯ ಗುಮಾಸ್ತರೊಬ್ಬರ ಮೇಲೆ ವಿದ್ಯಾರ್ಥಿವೇತನದ ಲೆಕ್ಕದ ಬಗ್ಗೆ ಮೂರು ಆಪಾದನೆಗಳಿದ್ದವು. ನೆರವಿಗೆ ಬನ್ನಿರೆಂದು ಅವರು ಕೇಳಿಕೊಂಡ ಸಹೋದ್ಯೋಗಿಗಳು ವರ್ಗಾವಣೆಯ ಭಯದಿಂದ ಹಿಂಜರಿದರು. ಕೊನೆಗೆ ನಾನು ಕುಳಿತೆ. ಕಾನೂನು ನನಗೆ ಅಷ್ಟಾಗಿ ತಿಳಿದಿರಲಿಲ್ಲ, ರಿಜಿಸ್ಟರುಗಳು ತಿಳಿದಿದ್ದವು. ಹಣ ಬಟವಾಡೆಯಾದ ಎರಡು ದಿನಗಳಂದು ಅವರು ರಜೆಯಲ್ಲಿದ್ದುದು ಹಾಜರಿ ಪುಸ್ತಕದಲ್ಲಿಯೇ ಇತ್ತು. ಆದರೆ ಇಪ್ಪತ್ತು ವರ್ಷ “ಸಾರ್” ಎಂದು ಕೈಕಟ್ಟಿ ನಿಂತ ಅಧಿಕಾರಿ ಸಾಕ್ಷಿಯಾಗಿ ಎದುರಿಗೆ ಬಂದಾಗ, ಅವರನ್ನು ಪ್ರಶ್ನಿಸಲು ಗುಮಾಸ್ತರಿಗೆ ಸ್ವರವೇ ಹೊರಡಲಿಲ್ಲ. ಆ ಪ್ರಶ್ನೆಯನ್ನು ನಾನು ಕೇಳಿದೆ. ಎರಡು ಆಪಾದನೆಗಳು ಬಿದ್ದುಹೋದವು. ಮೂರನೆಯದಕ್ಕೆ ಒಂದು ವಾರ್ಷಿಕ ವೇತನ ಬಡ್ತಿ ತಡೆಯಾಯಿತು. ಕೆಲಸ ಉಳಿಯಿತು, ಪಿಂಚಣಿಯೂ ಉಳಿಯಿತು.

ಒಂದು ಬಗೆಯ ವಿಚಾರಣೆಯಲ್ಲಿ ಮಾತ್ರ ಹೊರಗಿನವರಿಗೂ ಸ್ಥಾನ ದೊರೆತಿದೆ. ಉದ್ಯೋಗಸ್ಥಳದ ಲೈಂಗಿಕ ಕಿರುಕುಳದ ದೂರುಗಳಿಗೆ, 1997ರ ವಿಶಾಖಾ ತೀರ್ಪು ಮಹಿಳೆಯ ಅಧ್ಯಕ್ಷತೆಯ, ಹೊರಗಿನ ಸದಸ್ಯರೊಬ್ಬರಿರುವ ಸಮಿತಿಯನ್ನು ಕಡ್ಡಾಯಗೊಳಿಸಿತು. 2013ರ ಕಾಯ್ದೆ ಅದನ್ನು ದೃಢಪಡಿಸಿತು. ಆ ಕಾಯ್ದೆಯ ನಿಯಮಗಳಂತೆ ಸಮಿತಿಯ ಮುಂದೆ ಇಬ್ಬರಿಗೂ ವಕೀಲರಿಲ್ಲ. ಬಲಾಢ್ಯರು ವಕೀಲರನ್ನು ತಂದು ದೂರು ಕೊಟ್ಟವಳ ಬಾಯಿ ಮುಚ್ಚಿಸಲು ಅಲ್ಲಿ ಎಡೆಯಿಲ್ಲ. ತಕ್ಕಡಿ ಸಮವಾಗಿರಬೇಕೆಂಬ ತತ್ತ್ವವೇ ಒಮ್ಮೆ ವಕೀಲರನ್ನು ಒಳಗೆ ಕರೆಯುತ್ತದೆ, ಮತ್ತೊಮ್ಮೆ ಹೊರಗಿಡುತ್ತದೆ.

ಸೇವೆಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮಗೇ ಅಂತಹ ದಿನ ಬಂದರೆ, ನೆರವು ಬೇಕೆಂದು ಮೊದಲ ದಿನವೇ ಬರವಣಿಗೆಯಲ್ಲಿ ಕೇಳಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಸಹೋದ್ಯೋಗಿಯೊಬ್ಬರು ಬಂದು “ನನ್ನ ಜೊತೆ ಕೂರುತ್ತೀರಾ?” ಎಂದು ಕೇಳಿದರೆ, ಅವರು ತಪ್ಪು ಮಾಡಿದ್ದಾರೆಯೇ ಇಲ್ಲವೇ ಎಂದು ನೀವೇ ತೀರ್ಮಾನಿಸಲು ಹೋಗಬೇಡಿ. ಅದನ್ನು ನಿರ್ಣಯಿಸಲು ಬೇರೆಯವರಿದ್ದಾರೆ. ನೀವು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ.